ಬಂದೂಕಿಲ್ಲದ ವೀರಗಲ್ಲು

ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ನಾನು ಶಾಲೆ ಬಿಟ್ಟೆ. ಆರನೇ ಕ್ಲಾಸು ಮುಗಿದಿರಲಿಲ್ಲ. ಕಲ್ಲು ಒಡೆಯುವ ಬಂಡೆಯಲ್ಲಿ ಎರಡು ಕಲ್ಲುಗಳ ನಡುವೆ ಸಿಕ್ಕಿ ಅಪ್ಪನ ಬಲಗೈ ಹೆಬ್ಬೆರಳು ಜಜ್ಜಿಹೋಗಿತ್ತು. ಉಳಿ ಹಿಡಿಯಲು ಎಡಗೈ ಉಳಿದಿತ್ತು, ಸುತ್ತಿಗೆ ಬೀಸಲು ಇನ್ನೊಂದು ಕೈ ಬೇಕಿತ್ತು. ಮೇಷ್ಟ್ರು ಮನೆಗೇ ಬಂದು, ‘ಹುಡುಗ ಲೆಕ್ಕದಲ್ಲಿ ಚುರುಕಾಗಿದ್ದಾನೆ, ಬಿಡಿಸಬೇಡಿ’ ಎಂದರು. ಅಪ್ಪ ಬಟ್ಟೆ ಸುತ್ತಿದ ಕೈ ಎತ್ತಿ ತೋರಿಸಿ, ‘ಈ ಲೆಕ್ಕ ನೀವೇ ಮಾಡಿ ಸ್ವಾಮಿ’ ಎಂದರು. ಮೇಷ್ಟ್ರು ಮತ್ತೆ ಬರಲಿಲ್ಲ.

ಅಂದಿನಿಂದ ಹೋದ ವರ್ಷ ಡಾಕ್ಟರು ಸಾಕು ಅನ್ನುವವರೆಗೆ ನನ್ನದು ಕಲ್ಲಿನ ಕೆಲಸವೇ. ಅಜ್ಜಂಪುರ ನಮ್ಮ ಊರು. ಇಲ್ಲಿಂದ ತರೀಕೆರೆ, ಕಡೂರಿನವರೆಗೆ ಹೊಸಲು, ರುಬ್ಬುವ ಕಲ್ಲು, ಬಾಂದಿನ ಕಲ್ಲು, ಸಮಾಧಿ ಕಲ್ಲು ಎಂದು ಎಷ್ಟು ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಸೊಂಟ ನೋವೆಂದು ಒಂದು ಕೆಲಸವನ್ನೂ ಅರ್ಧಕ್ಕೆ ಬಿಟ್ಟವನಲ್ಲ. ನಾನು ಹಾಕಿದ ಹೊಸಲು ಸವೆದಿರಬಹುದು, ಅಲ್ಲಾಡಿದ್ದಿಲ್ಲ. ಈಗ ಈ ಕಸುಬಿಗೆ ಬರುತ್ತಿರುವ ಹುಡುಗರು ‘ಹೆಂಗಿತ್ತು ತಿಮ್ಮಣ್ಣ ಆಗೆಲ್ಲ?’ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ. ಬರವಣಿಗೆಯಲ್ಲಿ ತಪ್ಪಿದ್ದರೆ ಅದು ಆರನೇ ಕ್ಲಾಸಿನದು.

ಮೊದಲು ದೂಳಿನ ಮಾತು. ನನಗೆ ಉಳಿ ಹಿಡಿಯಲು ಕಲಿಸಿದ ಸೋದರಮಾವ ತಲೆಗೂದಲು ನೆರೆಯುವ ಮೊದಲೇ ಸತ್ತ. ಕೊನೆಕೊನೆಗೆ ಅವನು ಮಲಗುತ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ಇರುತ್ತಿದ್ದ. ಕಫಕ್ಕೆ ಕಲ್ಲಿನದೇ ಬಣ್ಣ. ಆಗ ಯಾರೂ ಅದನ್ನು ಕಸುಬಿನ ಕಾಯಿಲೆ ಅನ್ನಲಿಲ್ಲ, ಬೀಡಿ ಕಾಯಿಲೆ ಅಂದರು. ಅವನು ಬೀಡಿ ಮುಟ್ಟಿದವನಲ್ಲ. ಈಗ ಯಂತ್ರದ ಗರಗಸ ಬಂದಿದೆ. ಉಳಿಯಲ್ಲಿ ಒಂದು ದಿನಕ್ಕೆ ಏಳುತ್ತಿದ್ದ ದೂಳು ಅದರಲ್ಲಿ ಬೀಡಿ ಸೇದುವಷ್ಟು ಹೊತ್ತಿಗೆ ಏಳುತ್ತದೆ. ಮೂಗಿಗೆ ಬಟ್ಟೆ ಕಟ್ಟಿರೋ ಎಂದರೆ ‘ಸೆಕೆ ಆಗ್ತದೆ ತಿಮ್ಮಣ್ಣ’ ಎನ್ನುತ್ತಾರೆ. ಗೋಡೆಗೆ ಒರಗಿ ಕೂತರೆ ಇನ್ನೂ ಸೆಕೆ.

ಎರಡನೆಯದು, ಕಲ್ಲನ್ನು ಮಾತಾಡಿಸದೆ ಎತ್ತಬಾರದು. ನೀರು ಹಾಕಿ ನೋಡಬೇಕು, ಕೂದಲೆಳೆಯಂಥ ಸೀಳು ಇದ್ದರೆ ಒದ್ದೆ ಅಲ್ಲಿ ತಡವಾಗಿ ಆರುತ್ತದೆ. ಆಮೇಲೆ ಸುತ್ತಿಗೆಯಲ್ಲಿ ತಟ್ಟಿ ಕೇಳಬೇಕು. ಗಟ್ಟಿ ಕಲ್ಲು ಕಂಚಿನ ಹಾಗೆ ಕೂಗುತ್ತದೆ, ಸೀಳು ಕಲ್ಲು ಒಡಕು ಮಡಕೆಯ ಹಾಗೆ. ತರೀಕೆರೆ ಕಡೆ ಒಂದು ಮೋರಿ ಕಟ್ಟುವಾಗ ಮೇಸ್ತ್ರಿಗೆ ಆತುರ. ‘ಕಲ್ಲಿಗೆ ಜಾತಕ ನೋಡ್ತಾ ಕೂತ್ಕೋತೀರೇನ್ರೋ? ಎತ್ರೋ!’ ಎಂದ. ಎತ್ತಿದೆವು. ಹೆಗಲ ಮೇಲಿದ್ದಾಗಲೇ ಚಪ್ಪಡಿ ಎರಡಾಯಿತು. ನನ್ನ ಮುಂದೆ ನಿಂತಿದ್ದ ಭೀಮನ ಕಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ. ಮೇಸ್ತ್ರಿ ಮಾರನೆಯ ದಿನ ಬೇರೆ ಆಳು ತಂದ. ಆ ಮೋರಿ ಇನ್ನೂ ಇದೆ, ಬಸ್ಸು ಅದರ ಮೇಲೇ ಹೋಗುತ್ತದೆ.

ಮೂರನೆಯದನ್ನು ಅಪ್ಪ ಬುಕ್ಕಾಂಬುಧಿ ಕೆರೆ ಏರಿಯ ಮೇಲೆ ಕಲಿಸಿದರು. ಅಲ್ಲೊಂದು ವೀರಗಲ್ಲು ವಾಲಿಕೊಂಡು ನಿಂತಿತ್ತು. ಹೆಂಗಸರು ಒಗೆದ ಬಟ್ಟೆಯನ್ನು ಅದರ ಮೇಲೇ ಹರಡಿದ್ದರು. ಅಪ್ಪ ಬಟ್ಟೆ ಸರಿಸಿ ತೋರಿಸಿದರು: ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಅವನು ಸತ್ತ ಜಗಳ, ಮಧ್ಯೆ ದೇವಲೋಕದ ಹೆಣ್ಣುಗಳು ಅವನನ್ನು ಒಯ್ಯುವುದು, ಮೇಲೆ ಲಿಂಗ, ಅದರ ಮೇಲೆ ಸೂರ್ಯ ಚಂದ್ರ. ಕೆಳಗಿನವನ ಹಿಂದೆ ಹಸುಗಳು ಮುಖ ತಿರುಗಿಸಿ ನಿಂತಿದ್ದವು. ತುರು ಹಿಡಿಯಲು ಬಂದವರ ಮೇಲೆ ಬಿದ್ದು ಸತ್ತವನಂತೆ. ಅಪ್ಪ ಹೇಳಿದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು: ‘ಮುಖ ಸವೆದು ಹೋಗ್ತದೆ ಕಣೋ. ಕೈಯಲ್ಲಿರೋ ಆಯುಧ ಮಾತ್ರ ಉಳೀತದೆ. ಅದನ್ನ ನೋಡಿ ಇವನು ವೀರ ಅಂತಾರೆ.’

ಈ ಮಾತಿನಿಂದಲೇ ನಾನು ಮುಂದೆ ಎಡವಿದ್ದು.

ನಡುವೆ ಕಾಲ ಬದಲಾಯಿತು. ಹೆಸರು ಕೆತ್ತುವ ಕೆಲಸ ನಿಂತೇ ಹೋಯಿತು. ಕಂಪ್ಯೂಟರಿನಲ್ಲಿ ಅಕ್ಷರ ಕತ್ತರಿಸಿ, ಕಲ್ಲಿಗೆ ಅಂಟಿಸಿ, ಮರಳು ಊದಿದರೆ ಆಯಿತು. ಕರಿ ಗ್ರಾನೈಟಿನ ಮೇಲೆ ಸತ್ತವರ ಫೋಟೋವನ್ನೇ ಇಳಿಸುತ್ತಾರೆ. ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಕೈಕೆಲಸ ಕೇಳಿಕೊಂಡು ಬರುವವರು ಕಡಿಮೆಯಾದರು. ಅಂಥ ದಿನಗಳಲ್ಲಿ ಕಡೂರಿನಿಂದ ಸಾರ್ಜೆಂಟ್ ರುದ್ರಪ್ಪ ನಮ್ಮ ಅಂಗಳಕ್ಕೆ ಬಂದರು. ವಾಯುಪಡೆಯಲ್ಲಿ ಇದ್ದು ನಿವೃತ್ತರಾದವರು. ಕಡೂರಿನಲ್ಲಿ ಮಾಜಿ ಸೈನಿಕರಿಗೆ ಸಿಕ್ಕ ಜಾಗದಲ್ಲಿ ಒಂದು ಸ್ಮಾರಕ ನಿಲ್ಲಿಸಬೇಕು, ಮರಳು ಊದಿದ್ದು ಬೇಡ, ಹಳೆಯ ವೀರಗಲ್ಲಿನ ಹಾಗೆ ಬೇಕು ಎಂದರು.

‘ಯಾವ ಯುದ್ಧದಲ್ಲಿ ಸತ್ತೋರು?’ ಎಂದೆ.

‘ಯುದ್ಧ ಇಲ್ಲ ತಿಮ್ಮಣ್ಣ. ಸಾಗಣೆ ವಿಮಾನದೋರು. ಹಿಮದ ಗುಡ್ಡದ ಮೇಲೆ ನಮ್ಮ ಸಿಪಾಯಿಗಳು ಕೂತಿರ್ತಾರೆ, ರಸ್ತೆ ಇರಲ್ಲ. ಅಕ್ಕಿ, ಸೀಮೆಎಣ್ಣೆ, ಔಷಧಿ, ಮನೆ ಕಾಗದ ಎಲ್ಲ ಇವರೇ ಮುಟ್ಟಿಸ್ಬೇಕು. ಹುಷಾರಿಲ್ದೋರ್ನ ಇವರೇ ಇಳಿಸ್ಕೊಂಡು ಬರ್ಬೇಕು. ಎರಡು ಗುಡ್ಡದ ಸಂದೀಲಿ ಹಾರೋದು. ಮೋಡ ಅಡ್ಡ ಬಂತೋ, ಗುಡ್ಡ ಕಾಣಲ್ಲ. ಅಷ್ಟೇ.’

‘ಶತ್ರು?’

‘ಮೋಡನೇ.’

ನಮ್ಮ ಸೀಮೆಯವರು ನಾಲ್ವರು. ಕಡೂರಿನವನೊಬ್ಬ ಪೈಲಟ್. ತರೀಕೆರೆಯವನು ವಿಮಾನದ ಇಂಜಿನಿಯರ್. ಅಜ್ಜಂಪುರದವನು ರೇಡಿಯೋ ನೋಡಿಕೊಳ್ಳುತ್ತಿದ್ದ. ಎಮ್ಮೆದೊಡ್ಡಿ ಕಡೆಯ ಲೋಕೇಶ ಸಾಮಾನು ಏರಿಸಿ, ಬಿಗಿದು, ಇಳಿಸುವವನು. ಬೇರೆ ಬೇರೆ ವರ್ಷ, ಬೇರೆ ಬೇರೆ ವಿಮಾನ. ಮೂವರು ಪೆಟ್ಟಿಗೆಯಲ್ಲಿ ಊರಿಗೆ ಬಂದರು. ಲೋಕೇಶ ಬರಲಿಲ್ಲ. ಅವನಿದ್ದ ವಿಮಾನ ಇವತ್ತಿಗೂ ಸಿಕ್ಕಿಲ್ಲ.

ಒಳ್ಳೆಯ ಕಲ್ಲು ಆರಿಸಿದೆ. ಕೂಗು ಕೇಳಿ ಅಂಗಳಕ್ಕೆ ತರಿಸಿದೆ. ತಲೆಯಲ್ಲಿ ಲಿಂಗ, ಸೂರ್ಯ ಚಂದ್ರ, ನಡುವೆ ವಿಮಾನ, ಕೆಳಗೆ ಸಾಲಾಗಿ ನಾಲ್ವರು ಎಂದು ಬರೆದುಕೊಂಡೆ. ರುದ್ರಪ್ಪ ಕೊಟ್ಟ ಫೋಟೋದಲ್ಲಿ ವಿಮಾನಕ್ಕೆ ಬಸುರಿಯಂಥ ಹೊಟ್ಟೆ, ಎರಡು ಕಡೆ ಫ್ಯಾನು. ಮೊದಲ ದಿನದ ಕೆತ್ತನೆ ನೋಡಿ ನನ್ನ ಹೆಂಡತಿ ಪುಟ್ಟಮ್ಮ, ‘ಗರುಡಗಂಬಕ್ಕೆ ರೆಕ್ಕೆ ಬಂದಂಗೈತೆ’ ಎಂದಳು. ಅದನ್ನು ತಿದ್ದಿದೆ. ನಾಲ್ವರ ಎದೆಯ ಮೇಲೆ ಅಡ್ಡಲಾಗಿ ಬಂದೂಕು ಕೊಟ್ಟೆ. ರುದ್ರಪ್ಪ ನೋಡಿ ತಲೆ ಕೆರೆದುಕೊಂಡರು.

‘ಇವರ ಕೈಯಲ್ಲಿ ಗನ್ ಇರ್ತಿರ್ಲಿಲ್ಲ ಕಣ್ರೀ.’

‘ಸಾರ್ಜೆಂಟ್ರೇ, ಹೆಸರು ಹೇಳೋದು ನಿಮ್ಮ ಕೆಲಸ. ಕಲ್ಲು ನನಗೆ ಬಿಡಿ. ಆಯುಧ ಇಲ್ದೆ ವೀರಗಲ್ಲು ಉಂಟಾ? ನೂರು ವರ್ಷ ಆದ್ಮೇಲೆ ನೋಡಿದೋರು ಇವರನ್ನ ಮೂಟೆ ಹೊರೋರು ಅಂದ್ಕೊಂಡಾರು.’

‘ಮೂಟೆ ಹೊರೋರೇ ಅಲ್ವೇನ್ರೀ’ ಎಂದು ನಕ್ಕು ಸುಮ್ಮನಾದರು. ನಾನು ಗೆದ್ದೆ ಅಂದುಕೊಂಡೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಸತ್ತವರ ಹೆಸರಿಗೆ ಉಳಿ ಹಚ್ಚುವ ಮೊದಲು ಆ ಮನೆಯ ಹಿರಿಯರು ಬಂದು ಕಲ್ಲಿನ ಮೇಲೆ ಅಂಗೈ ಊರಬೇಕು. ಬಾಯಲ್ಲಿ ಏನೂ ಹೇಳಬೇಕಿಲ್ಲ. ಕೈ ಊರಿದರೆ ಆ ಸಾವನ್ನು ಮನೆ ಒಪ್ಪಿತು ಎಂದು ಅರ್ಥ. ಅಜ್ಜನ ಕಾಲದಿಂದ ಇದನ್ನು ಮೀರಿ ನಾವು ಒಂದು ಹೆಸರೂ ಕೆತ್ತಿಲ್ಲ.

ಕಡೂರಿನವರು ಬಂದು ಊರಿದರು. ಅಜ್ಜಂಪುರದವರು ಪಕ್ಕದ ಬೀದಿಯವರೇ, ಬಂದರು. ತರೀಕೆರೆಯ ಮನೆ ಬೌದ್ಧರದು. ಹುಡುಗನ ತಂದೆ ಕಲ್ಲಿನ ತಲೆ ನೋಡಿ, ‘ಮೇಲೆ ಲಿಂಗ ಬರ್ತದಾ?’ ಎಂದರು. ಬರುತ್ತದೆ ಎಂದೆ. ‘ಬೇಡಪ್ಪ. ನನ್ನ ಮಗ ಅದರ ಕೆಳಗೆ ನಿಲ್ಲೋದು ಸರಿಯಲ್ಲ. ಸೂರ್ಯ ಚಂದ್ರ ಇದ್ರೆ ಇರ್ಲಿ, ಅವು ಎಲ್ಲರವೂ.’ ಸರಿಯಾದ ಮಾತು. ಲಿಂಗ ಬಿಟ್ಟೆ. ಅವರು ಅಂಗೈ ಊರಿ ಬಹಳ ಹೊತ್ತು ತೆಗೆಯಲೇ ಇಲ್ಲ.

ಎಮ್ಮೆದೊಡ್ಡಿ ಕಡೆಯಿಂದ ಯಾರೂ ಬರಲಿಲ್ಲ. ನಾನೇ ಹೋದೆ. ದನ ಮೇಯುವ ಕಾವಲಿನ ಅಂಚಿನಲ್ಲಿ ಮನೆ, ಹಿತ್ತಿಲಲ್ಲಿ ಮೇಕೆ ಕೊಟ್ಟಿಗೆ. ಬೇಲಿಯ ಮೇಲೆ ಒಂದು ಕರಿ ಕಂಬಳಿ ಬಿಸಿಲಿಗೆ ಹರಡಿತ್ತು. ಲೋಕೇಶನ ತಾಯಿ ಗಂಗಮ್ಮ ಅದರ ಹುಳ ಆರಿಸುತ್ತಾ ಕೂತಿದ್ದರು.

‘ಯಾರದಮ್ಮ ಕಂಬಳಿ?’ ಎಂದೆ, ಮಾತು ತೆಗೆಯಲು.

‘ಲೋಕೇಶನ್ದು. ಬಂದಾಗ ಬೇಕಲ್ಲ. ನೀನ್ಯಾರಪ್ಪ?’

ಹೇಳಿದೆ. ಆಕೆ ಕಂಬಳಿಯಿಂದ ಕಣ್ಣು ತೆಗೆಯಲಿಲ್ಲ.

‘ಹೆಣ ನೋಡಿದ್ಯಾ ನೀನು?’

‘ಇಲ್ಲ ಕಣಮ್ಮ.’

‘ಸರ್ಕಾರದೋರು ನೋಡವ್ರಾ?’

‘ಇಲ್ಲ.’

‘ಮತ್ತೆ ನಿನ್ನ ಕಲ್ಲಿಗೇನು ಅವಸ್ರ? ಅದೇನು ಕೊಳೆತೋಗ್ತದಾ? ಮಿಕ್ಕೋರ ಹೆಸ್ರು ಬರ್ಕೋ ಹೋಗು.’

ಬಸ್ಸಿನವರೆಗೆ ದಾರಿ ತೋರಿಸಲು ಸೊಸೆ ಶಾರದ ಬಂದಳು. ಹೊಲಿಗೆ ಹಾಕಿ ಮನೆ ನಡೆಸುವ ಹೆಣ್ಣು. ಸ್ವಲ್ಪ ದೂರ ಬಂದೆವು. ಆಮೇಲೆ ಅಂದಳು:

‘ಎದ್ದ ತಕ್ಷಣ ಅತ್ತೆ ನನ್ನ ಹಣೆ ನೋಡ್ತಾರೆ, ಕುಂಕುಮ ಐತೋ ಇಲ್ವೋ ಅಂತ. ಇಟ್ಕೊಂಡು ಬೀದಿಗೆ ಬಂದ್ರೆ ಬೀದಿಯೋರು ನೋಡ್ತಾರೆ, ಯಾಕೈತೆ ಅಂತ. ಮದುವೆ ಮನೇಲಿ ಅರಿಶಿನ ಕುಂಕುಮ ತರೋರು ನನ್ನ ಹತ್ರ ಬಂದು ನಿಂತ್ಬಿಡ್ತಾರೆ, ಕೊಡೋದೋ ಬಿಡೋದೋ ಗೊತ್ತಾಗ್ದೆ. ನಾನ್ಯಾರು ಅಂತ ಯಾರಾದ್ರೂ ಒಂದು ಕಡೆ ಬರೀಲಿ ತಿಮ್ಮಣ್ಣ. ಕಲ್ಲಿನ ಮೇಲಾದ್ರೂ ಸರಿ.’

‘ಒಂದ್ಸಲ ಕರ್ಕೊಂಡು ಬಾಮ್ಮ. ಕೈ ಊರೋದು ಬೇಡ, ನೋಡ್ಲಿ ಸಾಕು’ ಎಂದೆ.

ರುದ್ರಪ್ಪನವರು, ‘ಸತ್ತ ಅಂತ ಸರ್ಕಾರಿ ಕಾಗದ ಬಂದು ಎಷ್ಟೋ ವರ್ಷ ಆಯ್ತು. ಕೆತ್ತಿಬಿಡಿ, ಗಂಗಮ್ಮಂಗೆ ಓದೋಕೆ ಬರಲ್ಲ’ ಎಂದರು. ಆಗದು ಎಂದೆ. ‘ಹಂಗಾದ್ರೆ ಮೂರೇ ಹೆಸರು ಹಾಕಿ.’ ಅದೂ ಆಗದು ಎಂದೆ. ನಾಲ್ವರು ನಿಂತಿರುವ ಕಲ್ಲಿನಲ್ಲಿ ಮೂರು ಹೆಸರು ಹಾಕಿದರೆ, ನಾಲ್ಕನೆಯವನನ್ನು ನಾವೇ ಇನ್ನೊಂದು ಸಲ ಕಳೆದ ಹಾಗೆ.

ಶಾರದ ಹೇಗೆ ಒಪ್ಪಿಸಿದಳೋ, ಒಂದು ದಿನ ಬೆಳಿಗ್ಗೆ ಇಬ್ಬರೂ ಬಂದರು. ಗಂಗಮ್ಮ ಸೆರಗನ್ನು ಬಾಯಿಗೆ ಹಿಡಿದು ಕಲ್ಲಿನ ಮುಂದೆ ನಿಂತರು.

‘ಇವ್ರಲ್ಲಿ ಯಾರು ನನ್ನ ಮಗ?’

ಕೊನೆಯವನನ್ನು ತೋರಿಸಿದೆ. ಆಕೆ ನೋಡಿದರು. ಆಮೇಲೆ ನಕ್ಕುಬಿಟ್ಟರು. ದೊಡ್ಡ ನಗು, ಭಾರ ಇಳಿದವರ ನಗು.

‘ನೋಡೇ ಶಾರದ, ಇವ್ನು ಯಾರೋ ಪೊಲೀಸು! ಬಂದೂಕು ಹಿಡ್ಕೊಂಡವ್ನೆ! ನಮ್ಮ ಲೋಕೇಶ ಚಾಟಿ ಬಿಲ್ಲೂ ಹಿಡಿದೋನಲ್ಲ. ಇವ್ನು ಬೇರೆ ಯಾರೋ ಸತ್ತವ್ನೆ ಕಣೇ. ಇವ್ನು ನಮ್ಮೋನಲ್ಲ.’

ಶಾರದ ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಮರೆತಿಲ್ಲ. ನಾನು ಕೊಟ್ಟ ಬಂದೂಕು ಆ ಮುದುಕಿಗೆ ಇನ್ನಷ್ಟು ವರ್ಷ ಕಾಯಲು ಬಲ ಕೊಟ್ಟಿತ್ತು.

‘ಮತ್ತೆ ಏನು ಹಿಡ್ಕೊಂತಿದ್ದ ಗಂಗಮ್ಮ?’ ಎಂದೆ.

‘ಮೇಕೆ.’

‘ವಿಮಾನದಲ್ಲಾ?’

‘ಹೂಂ ಕಣಪ್ಪ. ಅಲ್ಲಿ ಗುಡ್ಡದ ಮೇಲೆ ಮಾಂಸ ಸಿಕ್ತದಾ? ಜೀವಂತ ಮೇಕೆ ತುಂಬ್ಕೊಂಡೋಗ್ತಿದ್ರಂತೆ. ಆ ಸದ್ದಿಗೆ ಹೆದರ್ಕೊಂಡು ಗುದ್ದಾಡ್ತವಂತೆ. ಇವ್ನು ಒಂದರ ಮುಖಾನ ಕಂಕುಳಾಗೆ ಇಟ್ಕೊಂಡು, ಕಿವಿ ಮುಚ್ಚಿ ಕೂತ್ಕೊಂತಿದ್ನಂತೆ. ಒಂದು ಸುಮ್ಕಾದ್ರೆ ಎಲ್ಲ ಸುಮ್ಕಾಯ್ತವೆ ಕಣವ್ವ ಅಂತಿದ್ದ. ಅಲ್ಲಿ ಇಳಿಸಿದ ಮೇಲೆ ಕುಯ್ತಾರೆ. ಆದ್ರೂ ದಾರೀಲಿ ಹೆದರಬಾರ್ದಲ್ಲ, ಅಂತಿದ್ದ.’

ಅವರು ಹೋದ ಮೇಲೆ ಕಲ್ಲಿನ ಮುಂದೆ ಕೂತೆ. ಬುಕ್ಕಾಂಬುಧಿಯ ಆ ಕಲ್ಲು ನೆನಪಾಯಿತು. ಅಪ್ಪ ತೋರಿಸಿದ್ದು ಆಯುಧವನ್ನು. ಅವನ ಹಿಂದೆ ಹಸುಗಳೂ ಇದ್ದವು. ಅವುಗಳ ಕಿವಿ, ಕೊಂಬು ಎಲ್ಲ ಚೆನ್ನಾಗಿಯೇ ಉಳಿದಿದ್ದವು. ನಾನು ಅವನ್ನು ಅಲಂಕಾರ ಅಂದುಕೊಂಡಿದ್ದೆ.

ಹುಡುಗರೇ, ಮಣ್ಣಿನ ಕೆಲಸದಲ್ಲಿ ತಪ್ಪಿದರೆ ಮೆತ್ತಬಹುದು. ಮರಕ್ಕೆ ತುಂಡು ಸೇರಿಸಬಹುದು. ಕಲ್ಲಿಗೆ ತೆಗೆಯುವುದು ಒಂದೇ ಗೊತ್ತು. ಬಂದೂಕು ಕಡ್ಡಿಯಷ್ಟು ತೆಳ್ಳಗೆ. ಅದರಲ್ಲಿ ಮೇಕೆ ಎಲ್ಲಿಂದ ಬರಬೇಕು? ಇದ್ದದ್ದು ಒಂದೇ ದಾರಿ. ಆಕೃತಿಗಳ ಹಿಂದಿನ ಬಯಲು ಕಲ್ಲನ್ನೆಲ್ಲ, ನಾವು ನೆಲ ಅನ್ನುವುದನ್ನು, ಎರಡು ಬೆರಳು ಆಳಕ್ಕೆ ಇಳಿಸಿ, ಆಕೃತಿಗಳನ್ನು ಕಲ್ಲಿನ ಒಳಕ್ಕೆ ದೂಡಬೇಕು. ಮುಂಚೆ ಎದೆಯಾಗಿದ್ದ ಕಲ್ಲು ಮೇಕೆಯಾಗುತ್ತದೆ, ಎದೆ ಅದರ ಹಿಂದಕ್ಕೆ ಹೋಗುತ್ತದೆ.

ಒಬ್ಬನ ನೆಲ ಇಳಿಸಿದರೆ ನಾಲ್ವರದ್ದೂ ಇಳಿಸಬೇಕು. ಉಳಿದ ಮೂರು ಮನೆಗೂ ಹೋಗಿ, ನಿಮ್ಮವನ ಕೈಯಲ್ಲಿ ಏನಿರುತ್ತಿತ್ತು ಎಂದು ಕೇಳಿದೆ. ತರೀಕೆರೆಯ ತಂದೆ ಒಳಗೆ ಹೋಗಿ ಒಂದು ಸ್ಪಾನರ್ ತಂದು ನನ್ನ ಕೈಗಿಟ್ಟರು. ಕಡೂರಿನವರು ಮಾತ್ರ ಗನ್ನೇ ಚೆನ್ನಾಗಿತ್ತು ಎಂದು ಮುನಿಸಿಕೊಂಡರು. ರುದ್ರಪ್ಪ ಅವರನ್ನು ಸಮಾಧಾನ ಮಾಡಿದರು. ಆಮೇಲೆ ನನ್ನನ್ನು ಬೈದರು: ‘ಅತಿಥಿಗಳಿಗೆ ದಿನ ಕೊಟ್ಟಾಗಿದೆ. ಆಗ್ಲೇ ಹೇಳಿರ್ಲಿಲ್ವೇನ್ರೀ ನಾನು?’

‘ಹೇಳಿದ್ರಿ. ದಿನ ಮುಂದಕ್ಕೆ ಹಾಕಿ.’

ಮಳೆಗಾಲ ಪೂರ್ತಿ ತೆಗೆದೆ. ನೀರು ಹನಿಸಿ ಉಳಿ ಹಚ್ಚಿದರೂ ದೂಳು ಏಳುತ್ತಿತ್ತು. ಕೆಮ್ಮು ಬಂದಾಗ ಸುತ್ತಿಗೆ ಕೆಳಗಿಡುವುದು, ನಿಂತ ಮೇಲೆ ಎತ್ತುವುದು. ಒಂದು ದಿನ ಕಫದಲ್ಲಿ ಮಾವನ ಬಣ್ಣ ಕಂಡೆ. ಪುಟ್ಟಮ್ಮನಿಗೆ ಹೇಳಲಿಲ್ಲ, ಆದರೆ ಅವಳು ನೋಡಿದ್ದಳು. ‘ಸತ್ತೋರಿಗೆ ಕಲ್ಲು ಮಾಡಾಕೋಗಿ ನಿನಗೊಂದು ಮಾಡೋ ಹಂಗಾಗ್ತದೆ’ ಎಂದಳು. ನಿಲ್ಲಿಸು ಅನ್ನಲಿಲ್ಲ. ನನ್ನ ಕೈ ಅವಳಿಗೆ ಗೊತ್ತು.

ಮೇಕೆಯ ತಲೆಯನ್ನು ಕಂಕುಳಿಗೆ ಸಿಕ್ಕಿಸಿದೆ. ಅಂಗೈ ಅದರ ಕಿವಿಯ ಮೇಲೆ. ಮುಖವನ್ನು ಫೋಟೋ ನೋಡಿ ಮಾಡಿದೆ, ಅದು ಸಾಧಾರಣ. ಆದರೆ ಮೈ ನಾನು ಕಂಡಿದ್ದಲ್ಲ, ಕೆತ್ತುತ್ತಾ ಬಂದದ್ದು.

ದಸರಾ ಮುಗಿದ ಮೇಲೆ ಅತ್ತೆ ಸೊಸೆ ಮತ್ತೆ ಬಂದರು. ಗಂಗಮ್ಮ ಬಾಗಿಲಿನಿಂದಲೇ, ‘ಪೊಲೀಸಪ್ಪ ಏನಾದ?’ ಎಂದು ತಮಾಷೆ ಮಾಡುತ್ತಾ ಬಂದರು. ಹತ್ತಿರ ಬಂದವರು ನಿಂತರು. ನಗು ನಿಂತಿತು. ಮುಖ ನೋಡಲಿಲ್ಲ. ಎಡಭುಜ ನೋಡುತ್ತಿದ್ದರು.

‘ಈ ಭುಜ ವಾಲಿರೋದು ನಿಂಗ್ಯಾರು ಹೇಳಿದ್ರು?’

‘ಯಾರೂ ಹೇಳಲಿಲ್ಲ ಕಣಮ್ಮ.’

‘ಶಾರದ ಹೇಳಿದ್ಲಾ?’

‘ಇಲ್ಲತ್ತೆ. ನಾನೇನೂ ಹೇಳಿಲ್ಲ’ ಎಂದಳು ಶಾರದ.

‘ಮೇಕೆ ತಲೆ ಕಂಕುಳಲ್ಲಿ ಹಿಡಿದ್ರೆ ಭುಜ ಹಂಗೇ ಇಳೀತದೆ ಗಂಗಮ್ಮ. ಬೇರೆ ಥರ ಬರೋದೇ ಇಲ್ಲ.’

‘ಚಿಕ್ಕೋನಾಗಿದ್ದಾಗಿಂದ ಮರಿ ಹೊತ್ತು ಹೊತ್ತು ಹಂಗಾಗಿತ್ತು. ಪರೇಡ್ನಾಗೆ ಬೈತಾರೆ ಕಣವ್ವ, ಭುಜ ನೆಟ್ಟಗೆ ಮಾಡು ಅಂತ, ಅಂತಿದ್ದ.’

ಆಕೆ ಕೆಳಗೆ ಕೂತರು. ಅಳಲಿಲ್ಲ. ಮೇಕೆಯ ಬೆನ್ನು ಸವರಿದರು, ಕಿವಿ ಮುಚ್ಚಿದ ಅಂಗೈ ಸವರಿದರು. ಆಮೇಲೆ ಆ ಕಲ್ಲಿನ ಅಂಗೈ ಮೇಲೆ ತಮ್ಮ ಅಂಗೈ ಊರಿದರು.

‘ಇವ್ನೇ’ ಎಂದರು.

ಶಾರದ ಕಂಬಕ್ಕೆ ಒರಗಿ ಮುಖ ಮುಚ್ಚಿಕೊಂಡಳು. ವರ್ಷಗಟ್ಟಲೆ ತಡೆದದ್ದು ಅವತ್ತು ಬಂತು. ಪುಟ್ಟಮ್ಮ ಅವಳನ್ನು ಒಳಗೆ ಕರೆದುಕೊಂಡು ಹೋದಳು.

ಇಷ್ಟು ವರ್ಷದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಅದೇ ಒಳ್ಳೆಯದು. ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ನಾನು ಕೆಟ್ಟದಾಗಿ ಕೆತ್ತಿದಷ್ಟು ದಿನ ಆ ತಾಯಿಯ ಮಗ ಎಲ್ಲೋ ಬದುಕಿದ್ದ. ಚೆನ್ನಾಗಿ ಕೆತ್ತಿದ ದಿನ ಸತ್ತ. ಈ ಕಸುಬು ಇದನ್ನೂ ಮಾಡಿಸುತ್ತದೆ ಎಂದು ಅಪ್ಪ ನನಗೆ ಹೇಳಿರಲಿಲ್ಲ, ನಾನು ನಿಮಗೆ ಹೇಳುತ್ತಿದ್ದೇನೆ.

ಕಲ್ಲನ್ನು ಲಾರಿಗೆ ಏರಿಸುವ ದಿನ ಗಂಗಮ್ಮ ಒಬ್ಬರೇ ಬಸ್ಸಿನಲ್ಲಿ ಬಂದರು. ಕಂಕುಳಲ್ಲಿ ಆ ಕರಿ ಕಂಬಳಿ, ಮಡಚಿದ್ದು. ಕಲ್ಲಿಗೆ ಹೊದಿಸುತ್ತಾರೇನೋ ಅಂದುಕೊಂಡೆ. ನನ್ನ ಕೈಗೆ ಕೊಟ್ಟರು.

‘ಕಲ್ಲಿಗೆ ಚಳಿ ಆಗಕಿಲ್ಲ. ನೀನು ಕೆಮ್ತೀಯ. ಹೊದ್ಕೋ.’

ಕಡೂರಿನ ಸಮಾರಂಭಕ್ಕೆ ಅವರು ಬರಲಿಲ್ಲ. ಶಾರದ ಬಂದಿದ್ದಳು, ಹಣೆಯಲ್ಲಿ ಸಣ್ಣ ಕಪ್ಪು ಬೊಟ್ಟು. ಭಾಷಣ ಮಾಡಿದವರೊಬ್ಬರು ಶತ್ರುಗಳ ಎದೆ ನಡುಗಿಸಿದ ವೀರರು ಎಂದೆಲ್ಲ ಹೇಳಿದರು. ರುದ್ರಪ್ಪ ನನ್ನ ಕಡೆ ಬಾಗಿ, ‘ಮೋಡ ನಡುಗಿರ್ಬೇಕು’ ಎಂದರು. ಇಬ್ಬರಿಗೂ ನಗು ಬರಲಿಲ್ಲ. ಹೊರಡುವಾಗ ಶಾರದ, ‘ಇವತ್ತು ಬಸ್ಸಲ್ಲಿ ಯಾರೂ ನನ್ನ ಹಣೆ ನೋಡ್ಲಿಲ್ಲ ತಿಮ್ಮಣ್ಣ’ ಎಂದಳು. ಆ ಮಾತಿನಲ್ಲಿ ಸಂತೋಷ ಇತ್ತೋ ಏನೋ ನನಗೆ ತಿಳಿಯಲಿಲ್ಲ.

ಅದಾದ ಮೇಲೆ ನಾನು ದೊಡ್ಡ ಕೆಲಸ ಹಿಡಿಯಲಿಲ್ಲ. ಈಗ ನನ್ನ ಬಳಿ ಇರುವುದು: ಅಜ್ಜಂಪುರದಲ್ಲಿ ಎರಡು ಅಂಕಣದ ಮನೆ. ಪುಟ್ಟಮ್ಮ. ಒಂಬತ್ತು ಉಳಿ, ಎರಡು ಸುತ್ತಿಗೆ. ಕೇಳುವ ಕಿವಿ ಒಂದು. ಡಾಕ್ಟರು ಹೇಳುವ ಪ್ರಕಾರ ಅರ್ಧ ಶ್ವಾಸಕೋಶ. ಒಂದು ಕರಿ ಕಂಬಳಿ. ಬಿಸಿಲಿಗೆ ಹಾಕುತ್ತೇನೆ, ಇನ್ನೂ ಹೊದ್ದಿಲ್ಲ.